ತೀರಿಹೋದ ನಮ್ಮಮ್ಮನಿಂದ ಮತ ಕೇಳಿಸುತ್ತಿರುವವರಿಗೆ

ಮತ್ತೊಮ್ಮೆ ಗೆಲ್ಲಿಸಿ ಎಂದು ಊರೂರು ಸುತ್ತುತ್ತಿರುವ ಮಾನ್ಯ ಶಾಸಕರೇ,

ಸತ್ತುಹೋದ ನನ್ನ ತಾಯಿಯನ್ನು ನಿಮ್ಮ ಚುನಾವಣಾ ಪ್ರಚಾರಕ್ಕೆ ಇಳಿಸಲು ನಿಮಗೆ ಅನುಮತಿ ಕೊಟ್ಟವರು ಯಾರು?

ನಮ್ಮೂರ ಬಸ್ ಸ್ಟ್ಯಾಂಡಿನಲ್ಲಿ ನಿಲ್ಲಿಸಿರುವ ನಿಮ್ಮ ಫ್ಲೆಕ್ಸ್ ಬಗ್ಗೆ ಹೇಳುತ್ತಿದ್ದೇನೆ. ಕೈಮುಗಿದು ನಿಂತ ನಿಮ್ಮ ಪಕ್ಕದಲ್ಲಿ ನಗುತ್ತಿರುವ ಹೆಂಗಸು ನಮ್ಮಮ್ಮ ನರಸಮ್ಮ. ಕೆಳಗೆ, ‘ನನ್ನ ಜೀವ ಉಳಿಸಿದ ಮಗ ಮತ್ತೆ ಗೆಲ್ಲಲಿ’ ಎಂಬ ಬರಹ. ಅಮ್ಮ ಆ ಮಾತನ್ನು ಎಂದೂ ಆಡಿಲ್ಲ. ಇನ್ನು ಆಡಲು ಅವಳೇ ಇಲ್ಲ.

ಆ ಫೋಟೋ ತೆಗೆದದ್ದು ಕಳೆದ ವರ್ಷ, ನಮ್ಮ ಸರ್ಕಾರಿ ಆಸ್ಪತ್ರೆಯಲ್ಲಿ ನೀವು ಡಯಾಲಿಸಿಸ್ ಕೊಠಡಿ ಉದ್ಘಾಟಿಸಿದ ದಿನ. ಕಿಡ್ನಿ ಕೈಕೊಟ್ಟು, ವಾರವಾರವೂ ಕುಣಿಗಲ್ ಮೇಲೆ ತುಮಕೂರಿಗೆ ಬಸ್ಸಿನಲ್ಲಿ ಹೋಗಿಬರುತ್ತಿದ್ದ ಅಮ್ಮನನ್ನು ನಿಮ್ಮವರೇ ಕರೆದು ಹೊಸ ಯಂತ್ರದ ಪಕ್ಕ ಕೂರಿಸಿದರು. “ಇನ್ಮೇಲೆ ತುಮ್ಕೂರಿಗೆ ಅಲ್ಯೋದು ತಪ್ತು ಕಣೇ ರೂಪಾ” ಎಂದು ನಕ್ಕಳು. ಆ ನಗು ನಿಜವಾಗಿತ್ತು ಸ್ವಾಮಿ. ಆದರೆ ಯಂತ್ರ ನಡೆಸುವವರನ್ನು ನೀವು ನೇಮಿಸಲೇ ಇಲ್ಲ. ಟೇಪು ಕತ್ತರಿಸಿದ ಮರುದಿನವೇ ಕೊಠಡಿಗೆ ಬೀಗ ಬಿತ್ತು. ಕೇಳಲು ನಿಮ್ಮ ಕಚೇರಿಗೆ ಬಂದಾಗಲೆಲ್ಲ ಒಂದೇ ಉತ್ತರ: “ಸಾಹೇಬ್ರು ಮೀಟಿಂಗಲ್ಲವ್ರೆ.” ಅದೆಂಥ ಘನ ಮೀಟಿಂಗೋ! ಅದು ಮುಗಿಯುವ ಮೊದಲೇ ಅಮ್ಮ ಮುಗಿದುಹೋದಳು. ತುಮಕೂರಿನ ಬಸ್ಸಿನಲ್ಲೇ, ಕುಣಿಗಲ್ ಇನ್ನೂ ಬಂದಿರಲಿಲ್ಲ, ಉಸಿರು ಎಳೆಯುತ್ತಾ ನನ್ನ ಹೆಗಲಿಗೆ ಒರಗಿದವಳು ಮತ್ತೆ ತಲೆ ಎತ್ತಲಿಲ್ಲ.

ಫ್ಲೆಕ್ಸ್ ತೆಗೆಯಿರಿ ಎಂದರೆ ನಿಮ್ಮ ಕಾರ್ಯಕರ್ತ, “ಫೋಟೋ ಚೆನ್ನಾಗ್ ಬಂದೈತೆ ಕಣಕ್ಕಾ, ಎಲೆಕ್ಷನ್ ಮುಗೀಲಿ ಬುಡು” ಅಂದ. ನಾನು ಬಿಡಲಿಲ್ಲ. ಅಲ್ಲೇ ಹೂ ಮಾರುವ ವನಜಮ್ಮನವರ ಕತ್ತರಿ ಈಸಿಕೊಂಡು, ಸ್ಟೂಲ್ ಹತ್ತಿ, ಅಮ್ಮನ ಮುಖವನ್ನಷ್ಟೇ ಕತ್ತರಿಸಿಕೊಂಡೆ. ವನಜಮ್ಮ ಸ್ಟೂಲನ್ನು ಗಟ್ಟಿಯಾಗಿ ಹಿಡಿದಿದ್ದರು. ಈಗ ಪ್ರಚಾರ ಸಾಮಗ್ರಿ ಹಾಳುಮಾಡಿದೆನೆಂದು ನನ್ನ ಮೇಲೇ ದೂರು!

“ಯಾಕಮ್ಮಾ ಹರಿದೆ?” ಎಂದು ಠಾಣೆಯಲ್ಲಿ ಕೇಳಿದರು.

“ನಮ್ಮಮ್ಮ ಸಾರ್” ಅಂದೆ.

ಬರೆದುಕೊಳ್ಳುತ್ತಿದ್ದ ಪೇದೆ ಪೆನ್ನು ಕೆಳಗಿಟ್ಟರು. ನಿಮಗೆ ಅಷ್ಟಾದರೂ ಸಂಕೋಚವಾಯಿತೇ? ಮರುದಿನವೇ ಅದೇ ಜಾಗದಲ್ಲಿ, ಅದೇ ಮುಖದ ಹೊಸ ಫ್ಲೆಕ್ಸ್ ಎದ್ದಿತು.

ದೂರು ಹಿಂಪಡೆಯಿರಿ ಎಂದು ನಾನು ಗೋಗರೆಯುವುದಿಲ್ಲ. ಕೋರ್ಟಿನಲ್ಲಿ ಇದನ್ನೆಲ್ಲ ಹೇಳುವ ಅವಕಾಶ ನನಗೂ ಬೇಕು. ಭಾನುವಾರ ನಮ್ಮೂರಿಗೆ ಮತ ಕೇಳಲು ಬರುತ್ತೀರಲ್ಲ, ವೇದಿಕೆ ಹತ್ತುವ ಮೊದಲು ಆಸ್ಪತ್ರೆಗೆ ಬನ್ನಿ. ಯಂತ್ರ ನಡೆಸುವವರನ್ನು ಜೊತೆಗೇ ಕರೆತಂದು ಎಲ್ಲರೆದುರು ಆ ಬೀಗ ತೆಗೆಯಿರಿ. ನಮ್ಮ ಕಡೆಯ ಇನ್ನೂ ಕೆಲವರು ಡಯಾಲಿಸಿಸ್‌ಗೆಂದು ತುಮಕೂರಿಗೆ ಓಡಾಡುತ್ತಿದ್ದಾರೆ. ಅವರಿನ್ನೂ ಬದುಕಿದ್ದಾರೆ.

ಇಂತಿ,
ನಿಮ್ಮ ದೂರಿನ ಆರೋಪಿ,
ನರಸಮ್ಮನ ಮಗಳು ರೂಪಶ್ರೀ