ಹೆದರಿಕೆಯ ರೆಕಾರ್ಡಿಂಗ್

ಜೂನ್ ೧೨, ಗುರುವಾರ

ಮನಸ್ಸು ನಿಲ್ಲುತ್ತಿಲ್ಲ. ವಲಸೆ ಬಂದವರಿಗೆ ಇಲ್ಲಿಯ ಭಾಷೆ ಕಲಿಸುವ ನಮ್ಮ ಆ್ಯಪ್‌ನಲ್ಲಿ ಎಐ ಮಾತಾಡುವುದು ನನ್ನ ಧ್ವನಿಯಲ್ಲಿ. ಅದಕ್ಕೆ ಬೇಕಾದ ವಾಕ್ಯಗಳನ್ನು ನನ್ನ ನಿಶ್ಚಿತಾರ್ಥದ ವಾರ ಓದಿಕೊಟ್ಟಿದ್ದೆ, ಪ್ರತಿಯೊಂದರಲ್ಲೂ ಖುಷಿ ತುಳುಕುತ್ತದೆ. ಅದರಿಂದ ಭಾಷೆ ಕಲಿತ ಪೇಂಟರ್ ಒಬ್ಬ ಇಂದು ಆಫೀಸಿಗೆ ಬಂದಿದ್ದ. ಹೆಂಡತಿಗೆ ಹೆರಿಗೆ ನೋವು ಬಂದಾಗ ಆಂಬುಲೆನ್ಸ್‌ಗೆ ಫೋನ್ ಮಾಡಿ, "ಬೇಗ ಬನ್ನಿ, ಭಯ ಆಗ್ತಿದೆ" ಎಂದನಂತೆ, ಥೇಟ್ ನನ್ನಂತೆ ಖುಷಿಯ ರಾಗದಲ್ಲಿ.

"ತಮಾಷೆ ಅಂದ್ಕೊಂಡು ಫೋನ್ ಇಟ್ಬಿಟ್ರು ಮೇಡಂ. ಟ್ಯಾಕ್ಸಿಯಲ್ಲೇ ಮಗು ಆಯ್ತು. ಇಬ್ರೂ ಚೆನ್ನಾಗಿದ್ದಾರೆ. ಆದ್ರೆ ಆ ಮಾತು ಸರಿಯಾಗಿ ಹೇಳ್ಕೊಡಿ."

ಸಂಜೆಯಿಂದ ಅದನ್ನೇ ರೆಕಾರ್ಡ್ ಮಾಡುತ್ತಿದ್ದೆ. ಎದುರಿಗೆ ನನ್ನ ಮುದ್ದು ಹೊಸ ಗಂಡ. "ಹೆದರ್ಕೊಂಡು ಹೇಳೇ, ಮದುವೆಗೆ ಕರೆಯೋ ಹಾಗಿದೆ," ಎನ್ನುತ್ತಾನೆ. ನನಗೆ ನಗು. ಕೊನೆಗೆ ಅವನನ್ನು ಹೊರಗೆ ಕಳಿಸಿ, ಇವನು ತಿರುಗಿ ಬರುವುದೇ ಇಲ್ಲ ಎಂದು ಕಲ್ಪಿಸಿಕೊಂಡೆ. ಧ್ವನಿ ನಡುಗಿತು. ರೆಕಾರ್ಡಿಂಗ್ ಚೆನ್ನಾಗಿ ಬಂತು.

ಅವನು ಪಕ್ಕದಲ್ಲೇ ಮಲಗಿದ್ದಾನೆ. ಆದರೆ ಆಗ ತಂದುಕೊಂಡ ಹೆದರಿಕೆ ಇನ್ನೂ ಹೋಗಿಲ್ಲ; ಅವನ ಉಸಿರು ಕೇಳಿಸಿಕೊಳ್ಳುತ್ತಾ ಎಚ್ಚರವಾಗಿ ಕೂತಿದ್ದೇನೆ.