ಬಾಗಿಲ ಬಳಿಯ ಬೀರು

ಅಣ್ಣಾ,

ನೀನು ಹೋದ ಕಡೆಗೆ ವಿಳಾಸವಿಲ್ಲ, ಗೊತ್ತು. ಆದರೂ ಇದನ್ನು ನಿನಗೇ ಹೇಳಬೇಕು.

ಇವತ್ತು ಒಬ್ಬರ ಮನೆ ಸಾಮಾನು ಸಾಗಿಸುತ್ತಿದ್ದೆ. ಕಬ್ಬಿಣದ ಬೀರುವನ್ನು ಕಾರಿಗೆ ಕಟ್ಟಿದ ಟ್ರೇಲರಿನ ಹಿಂಬಾಗಿಲ ಬಳಿಯೇ ಇಟ್ಟಿದ್ದೆ. ಕೊನೆಗೆ ಹತ್ತಿಸಿದ್ದು ಮೊದಲು ಇಳಿಯುತ್ತದೆ, ಹೊತ್ತು ಉಳಿಯುತ್ತದೆ, ಅದು ನನ್ನ ಲೆಕ್ಕ. ಪಕ್ಕದಲ್ಲಿ ನಿನ್ನ ಮಗಳು ಕೂತಿದ್ದಳು. ಇಳಿಜಾರಿನಲ್ಲಿ ಟ್ರೇಲರ್ ಅತ್ತಿತ್ತ ಓಲಾಡಿ ಕಾರನ್ನೇ ಎಳೆದಾಡತೊಡಗಿತು. ನನ್ನ ಕಾಲು ಸೀದಾ ಬ್ರೇಕಿಗೆ ಹೋಯಿತು.

"ಚಿಕ್ಕಪ್ಪ, ಬ್ರೇಕ್ ತುಳೀಬೇಡಿ. ಆಕ್ಸಿಲರೇಟರ್ ಬಿಡಿ, ಸ್ಟೇರಿಂಗ್ ನೇರ ಹಿಡ್ಕೊಳ್ಳಿ. ಅಪ್ಪ ಹಾಗೇ ಹೇಳ್ಕೊಟ್ಟಿದ್ದು."

ದನಿ ನಿನ್ನದೇ, ಬೈಗುಳ ಮಾತ್ರ ಇರಲಿಲ್ಲ.

ಓಲಾಟ ಮೆಲ್ಲಗೆ ತಗ್ಗಿತು. ರಸ್ತೆ ಬದಿಗೆ ನಿಲ್ಲಿಸಿ, ಹಗುರ ಸಾಮಾನು ಹಿಂದಕ್ಕೆ ಸರಿಸಿ, ಇಬ್ಬರೂ ಬೀರುವನ್ನು ಮುಂದಕ್ಕೆ ನೂಕಿದೆವು. ಬೆವರು ಒರೆಸಿಕೊಳ್ಳುತ್ತಾ ಅವಳು ಕೇಳಿದಳು.

"ಭಾರ ಯಾವಾಗ್ಲೂ ಮುಂದಿರ್ಬೇಕು ಅಂತಿದ್ದವರು ಅಪ್ಪ. ಮತ್ತೆ ಇದೇ ಇಳಿಜಾರಲ್ಲಿ ಅವರ ಗಾಡಿ ಹೇಗೆ ಮಗುಚ್ತು? ಅವತ್ತು ಟ್ರೇಲರ್ ತುಂಬಿದ್ದು ಯಾರು ಚಿಕ್ಕಪ್ಪ?"

ಕಲ್ಲನ್ನೂ ಮಾತಾಡಿಸಿ ಗಿರಾಕಿ ಮಾಡಿಕೊಳ್ಳುವವನು ನಾನು. "ನೀರು ಕುಡಿ, ಮಗಳೇ" ಅಂದೆ.

ಅವಳು ಕುಡಿಯಲಿಲ್ಲ. ಕೀಲಿ ಇಸಿದುಕೊಂಡು ತಾನೇ ಸ್ಟೇರಿಂಗ್ ಹಿಡಿದು ಕೂತಳು. ಮುಂದಿನ ಇಳಿಜಾರು ಶುರುವಾಗುವ ಮೊದಲೇ ಗೇರ್ ಇಳಿಸಿದಳು, ಥೇಟ್ ನಿನ್ನ ಹಾಗೆ.

ನಾಳೆ ಅವಳು ಮತ್ತೆ ಕೇಳುತ್ತಾಳೆ. ಕೇಳದಿದ್ದರೆ ಅದು ಇನ್ನೂ ಕಷ್ಟ. ಅವತ್ತು ತುಂಬಿದ್ದೂ ನಾನೇ, ಇದೇ ಲೆಕ್ಕದಲ್ಲಿ. ಅಣ್ಣಾ, ಒಂದೇ ಒಂದು ಸಲ, ಕನಸಿನಲ್ಲಾದರೂ ಬಾ. ಬಾಯಿಗೆ ಬಂದ ಹಾಗೆ ಬೈದು ಹೋಗು.