ಗ್ಯಾಸ್ಪೆ ಕಡೆಯ ಬೈಗುಳ

ಮಾಂಟ್ರಿಯಲ್, ಫೆಬ್ರವರಿ ೯

ಪ್ರೀತಿಯ ಜಿಸೆಲ್ ಅತ್ತೆಗೆ,

ಈ ಪತ್ರವನ್ನು ಫ್ರೆಂಚಿನಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಮಗ ತಿದ್ದಿಲ್ಲ, ಅವನಿಗೆ ತೋರಿಸಿಯೇ ಇಲ್ಲ.

ನಿಮಗೆ ಗೊತ್ತಲ್ಲ, ನಾನು ಬಾಯಿ ಬಿಟ್ಟ ಕೂಡಲೇ ಇಂಗ್ಲಿಷಿನವಳು ಎಂದು ತಿಳಿದು ಎಲ್ಲರೂ ಇಂಗ್ಲಿಷಿಗೆ ತಿರುಗುತ್ತಾರೆ. ಬ್ರೆಡ್ಡಿನ ಅಂಗಡಿಯವಳು, ಹಲ್ಲಿನ ಡಾಕ್ಟರು, ಕೊನೆಗೆ ನೀವೂ. ನನ್ನ ಆರು ವರ್ಷದ ಫ್ರೆಂಚ್ ಸಂಜೆ ಕ್ಲಾಸು ಯಾರ ಕಿವಿಗೂ ಬೀಳಲಿಲ್ಲ.

ಶನಿವಾರ ಬೆಳಿಗ್ಗೆ ಒಂದು ಗಂಟೆ ಕಾಲ ಸಲಿಕೆ ಹಿಡಿದು ಹಿಮದಿಂದ ಕಾರು ಬಿಡಿಸಿದೆ. ಕಾಫಿ ಕುಡಿದು ಬರುವಷ್ಟರಲ್ಲಿ, ಪಕ್ಕದ ಮನೆಗೆ ಹೊಸದಾಗಿ ಬಂದಿರುವ ಫೆರ್ನಾಂ ತನ್ನ ಕಾರಿನ ಹಿಮವನ್ನೆಲ್ಲ ನನ್ನದರ ಮೇಲೆ ಸುರಿದಿದ್ದ.

"ಅಲ್ರೀ, ನಿಮ್ಮ ಹಿಮ ಹೊರೋಕೆ ನನ್ನ ಕಾರೇನು ಕತ್ತೆನಾ?" ಎಂದೆ.

"ಏಪ್ರಿಲ್ ಬಂದ್ರೆ ತಾನೇ ಕರಗುತ್ತೆ ಬಿಡಿ."

"ಅಲ್ಲೀವರೆಗೂ ನಿಮ್ಮ ಹೆಗಲ ಮೇಲೆ ಕೂತು ಕೆಲಸಕ್ಕೆ ಹೋಗ್ಲಾ?"

ಕಾಲು ಗಂಟೆ ಫ್ರೆಂಚಿನಲ್ಲೇ ಜಗಳ ನಡೆಯಿತು. ಅವನು ಒಮ್ಮೆಯೂ ಇಂಗ್ಲಿಷಿಗೆ ತಿರುಗಲಿಲ್ಲ. ಕೊನೆಗೆ ಸಲಿಕೆ ಎತ್ತಿಕೊಂಡು, "ಗ್ಯಾಸ್ಪೆ ಕಡೆಯವರಾ ನೀವು? ನಮ್ಮಜ್ಜಿ ಬೈದ ಹಾಗೇ ಇತ್ತು," ಎಂದು ನನ್ನ ಕಾರನ್ನು ತಾನೇ ಬಿಡಿಸಿಕೊಟ್ಟ.

ನಿಮ್ಮ ತವರು ಗ್ಯಾಸ್ಪೆಯನ್ನು ನಾನು ಕಂಡಿರುವುದು ನಿಮ್ಮ ಅಡುಗೆಮನೆಯಲ್ಲಿ ಮಾತ್ರ. ನೀವು ಮಾವನನ್ನು ಬೈಯುವಾಗ ನಾನು ತಟ್ಟೆ ಒರೆಸುತ್ತ ನಿಂತಿರುತ್ತಿದ್ದೆ. ಇವಳಿಗೆಲ್ಲಿ ಅರ್ಥವಾಗುತ್ತದೆ ಎಂದು ನೀವು ದನಿ ತಗ್ಗಿಸುತ್ತಿರಲಿಲ್ಲ. ಮೊನ್ನೆಯ ಜಗಳದಲ್ಲಿ, ಕ್ಲಾಸಿನಲ್ಲಿ ಕಲಿತದ್ದೊಂದೂ ಬಾಯಿಗೆ ಬರಲಿಲ್ಲ, ಬಂದದ್ದೆಲ್ಲ ನಿಮ್ಮದೇ.

ಈಸ್ಟರಿಗೆ ಬರುತ್ತೇವೆ. ಒಂದೇ ಕೋರಿಕೆ, ನನಗಾಗಿ ಇಂಗ್ಲಿಷ್ ಮಾತಾಡಬೇಡಿ. ಮಾವನನ್ನು ಬೈಯುವ ಹಾಗೆಯೇ ನನ್ನನ್ನೂ ಬೈಯಿರಿ. ಈ ಸಲ ತಟ್ಟೆ ಕೆಳಗಿಟ್ಟು ಉತ್ತರ ಕೊಡುತ್ತೇನೆ.

ನಿಮ್ಮ ಸೊಸೆ,
ಗ್ವೆನ್